ಬಸ್ಸು ಹತ್ತುವ ಮೊದಲು ಮೂರು ದಿನ ಕಲಿಸಿ: ರಿಫೈನರಿ ಶಟ್‌ಡೌನ್ ಕೆಲಸಕ್ಕೆ ಹೋಗುವವರ ಪರವಾಗಿ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು ಹಾಗೂ ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಜಿಲ್ಲಾಧಿಕಾರಿಗಳು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು

ವಿಷಯ: ತೈಲ ಸಂಸ್ಕರಣಾಗಾರಗಳ (ರಿಫೈನರಿ) ಶಟ್‌ಡೌನ್ ಕೆಲಸಕ್ಕೆ, ಅಂದರೆ ಘಟಕ ನಿಲ್ಲಿಸಿ ಮಾಡುವ ರಿಪೇರಿ ಕೆಲಸಕ್ಕೆ, ಹೋಗುವವರಿಗೆ ಊರಿನಲ್ಲೇ, ಕನ್ನಡದಲ್ಲೇ ಸುರಕ್ಷತಾ ತರಬೇತಿ ಕೊಡುವ ಬಗ್ಗೆ.

ಮಾನ್ಯರೇ,

ನಮ್ಮ ಎರಡೂ ಜಿಲ್ಲೆಗಳಲ್ಲಿ ಕಚ್ಚಾತೈಲ ಕಾಯಿಸುವ ರಿಫೈನರಿ ಒಂದೂ ಇಲ್ಲ. ಮಾಲೂರಿನಿಂದ ವೈಟ್‌ಫೀಲ್ಡ್ ಕಡೆಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ದೇವನಗೊಂದಿಯ ಎಣ್ಣೆ ಟ್ಯಾಂಕುಗಳು ಗೊತ್ತು. ಅಲ್ಲಿಗೆ ಬರುವುದು ಮಂಗಳೂರಿನಿಂದ ಹಾಸನದ ಮೇಲೆ 360 ಕಿ.ಮೀ.ಗೂ ಮಿಕ್ಕಿದ ಕೊಳವೆಯಲ್ಲಿ ಹರಿದು ಬಂದ ಸಿದ್ಧ ಸರಕು. ಆ ಸರಕು ತಯಾರಾಗುವ ಜಾಗ ಹೇಗಿರುತ್ತದೆ ಎಂಬುದು ಗೊತ್ತಿರುವವರು ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಗೌರಿಬಿದನೂರು ಕಡೆಯ ಫಿಟ್ಟರ್, ವೆಲ್ಡರ್, ಭಾರ ಎತ್ತಿ ಕೂರಿಸುವ ರಿಗ್ಗರ್, ಹೆಲ್ಪರ್‌ಗಳು. ಮೇಸ್ತ್ರಿಯ ಫೋನ್ ಬಂದರೆ ಬಟ್ಟೆ ಕಟ್ಟಿಕೊಂಡು ಹೊರಡುತ್ತಾರೆ. ಮಂಗಳೂರು, ಮಣಲಿ, ಕೊಚ್ಚಿ, ವಿಶಾಖಪಟ್ಟಣ, ಜಾಮ್‌ನಗರ, ಎಲ್ಲಿ ಶಟ್‌ಡೌನ್ ಇದ್ದರೆ ಅಲ್ಲಿಗೆ. 25 ರಿಂದ 40 ದಿನ ಕೆಲಸ, ಆಮೇಲೆ ವಾಪಸು ಊರಿಗೆ.

ಈ ಪತ್ರ ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ. ಚೆನ್ನಾಗಿ ನಡೆಸಿಕೊಳ್ಳುವ ರಿಫೈನರಿಗಳೂ ಇವೆ, ಗೇಟಿನೊಳಗಿನ ನಿಯಮಗಳು ಬಹುಪಾಲು ಸರಿಯಾಗಿಯೇ ಇವೆ. ನಮ್ಮ ದೂರು ಗೇಟಿಗೆ ಮುಂಚಿನದು. ನಿಯಮ ಯಾಕಿದೆ ಎಂದು ತಿಳಿಯದ ಹುಡುಗನನ್ನು ನಮ್ಮ ಜಿಲ್ಲೆ ಬರಿಗೈಲಿ ಕಳಿಸುತ್ತಿದೆ. ಗೇಟ್‌ಪಾಸ್ ಸಿಗುವ ಮುನ್ನ ಒಂದೆರಡು ಗಂಟೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ವಿಡಿಯೊ ತೋರಿಸಿ, ಹಾಜರಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಹಲವು ಕಡೆ ನಡೆಯುವ ಕ್ರಮ. ಎರಡು ರಾತ್ರಿ ಪ್ರಯಾಣ ಮಾಡಿ ಬಂದವನು ಆ ಕೋಣೆಯ ತಂಪಿಗೆ ನಿದ್ದೆ ಹೋಗಿರುತ್ತಾನೆ. ಮರುದಿನ ಬೆಳಿಗ್ಗೆ ಅವನೇ ಟ್ಯಾಂಕು, ಗೋಪುರಗಳ ಮೈಯಲ್ಲಿ ಆಳು ನುಗ್ಗುವಷ್ಟು ಅಗಲದ ಕಿಂಡಿಯಾದ ಮ್ಯಾನ್‌ಹೋಲಿನೊಳಕ್ಕೆ ತೆವಳಬೇಕು.

ಒಳಗೆ ಏನಿದೆ ಎಂದು ಹೇಳುತ್ತೇವೆ. ಇದನ್ನು ಓದಿದರೆ ಮೂರು ದಿನದ ತರಬೇತಿ ಯಾಕೆ ಬೇಕೆಂದು ತಮಗೇ ತಿಳಿಯುತ್ತದೆ.

ಕಚ್ಚಾತೈಲವನ್ನು ಉಪ್ಪು ತೆಗೆದು, ಕುಲುಮೆಯಲ್ಲಿ ಸುಮಾರು 350 ರಿಂದ 370 ಡಿಗ್ರಿವರೆಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ನಾವು ಅದನ್ನು ಕಾಲಮ್ ಎನ್ನುತ್ತೇವೆ. ಮೇಲೆ ಗ್ಯಾಸು, ನಾಫ್ತಾ, ನಡುವೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್, ತಳದಲ್ಲಿ ಟಾರಿನಂಥ ಗಟ್ಟಿ. ಹೀಗೆ ಬೇರೆಯಾದ ಎಣ್ಣೆಯಲ್ಲಿ ಗಂಧಕ ಉಳಿದಿರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಇಂಧನ ಬಂತು. ಪೆಟ್ರೋಲು, ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಭಾಗವಿದ್ದದ್ದು 10 ಭಾಗಕ್ಕೆ ಇಳಿಯಿತು. ಕೋಲಾರದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ತೆಗೆದ ಗಂಧಕ ಮಾಯವಾಗುವುದಿಲ್ಲ. ಜಲಜನಕದ ಜೊತೆ ಸೇರಿ ಹೈಡ್ರೋಜನ್ ಸಲ್ಫೈಡ್ ಆಗಿ ರಿಫೈನರಿಯ ಕೊಳವೆಗಳಲ್ಲೇ ಓಡಾಡುತ್ತದೆ, ಕೊನೆಗೆ ಸಲ್ಫರ್ ಘಟಕದಲ್ಲಿ ಹಳದಿ ಗಂಧಕವಾಗಿ ಹೊರಬರುತ್ತದೆ. ಊರಿನ ಗಾಳಿ ಹಸನಾದಷ್ಟೂ ಆ ಕೊಳವೆಗಳ ಪಕ್ಕ ಸ್ಪ್ಯಾನರ್ ಹಿಡಿದವನು ಹುಷಾರಾಗಿರಬೇಕು.

ಈ ಗ್ಯಾಸಿನ ಬಗ್ಗೆ ಹೊಸಬರಿಗೆ ಗೊತ್ತಿರುವುದು ಒಂದೇ ಮಾತು: ಕೊಳೆತ ಮೊಟ್ಟೆಯ ವಾಸನೆ. ಆ ಅರ್ಧ ತಿಳಿವಳಿಕೆ ಕೊಲ್ಲುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗಲೇ ಮೂಗಿಗೆ ಗೊತ್ತಾಗುತ್ತದೆ ನಿಜ. 10 ಭಾಗಕ್ಕೆ ಗ್ಯಾಸ್ ಅಳೆಯುವ ಮೀಟರ್ ಕೂಗಬೇಕು. 100ರ ಸುಮಾರಿಗೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ‘ವಾಸನೆ ಹೋಯಿತು, ಗ್ಯಾಸ್ ಹೋಯಿತು’ ಅಂದುಕೊಂಡು ಕೆಲಸಕ್ಕೆ ಬಾಗಿದವನು 500–700ರಲ್ಲಿ ಕೆಲವೇ ನಿಮಿಷದಲ್ಲಿ ಕುಸಿಯುತ್ತಾನೆ. ಸಾವಿರ ದಾಟಿದರೆ ಒಂದೆರಡು ಉಸಿರು ಸಾಕು. ಈ ಗ್ಯಾಸು ಗಾಳಿಗಿಂತ ಭಾರ, ಹಾಗಾಗಿ ಗುಂಡಿ, ಚರಂಡಿ, ಕಾಲಮ್ಮಿನ ತಳದಲ್ಲಿ ಕೂತಿರುತ್ತದೆ. ಸೈರನ್ ಆದಾಗ ಕೆಳಗಿನ ಗುಂಡಿಯಲ್ಲಿ ಅಡಗಬಾರದು. ಗಾಳಿಯ ದಿಕ್ಕು ತೋರಿಸಲು ಕಂಬದ ಮೇಲೆ ಕಟ್ಟಿದ ಗಾಳಿಚೀಲ ನೋಡಿ ಗಾಳಿಗೆ ಅಡ್ಡಲಾಗಿ ಓಡಿ ಗ್ಯಾಸಿನ ದಾರಿಯಿಂದ ಹೊರಬಂದು, ಅಲ್ಲಿಂದ ಗಾಳಿ ಬೀಸಿ ಬರುವ ದಿಕ್ಕಿಗೆ ಹೋಗಬೇಕು. ಇಷ್ಟನ್ನು ಒಬ್ಬನಿಗೆ ಮೈದಾನದಲ್ಲಿ ನಿಲ್ಲಿಸಿ ನಾಲ್ಕು ಸಲ ಓಡಿಸಿ ಕಲಿಸಿದರೆ ಮರೆಯುವುದಿಲ್ಲ. ವಿಡಿಯೊದಲ್ಲಿ ನೋಡಿದವನು ಮರೆಯುತ್ತಾನೆ.

ಇನ್ನೊಂದು ಗ್ಯಾಸಿಗೆ ವಾಸನೆಯೇ ಇಲ್ಲ: ನೈಟ್ರೋಜನ್. ನಾವು ಉಸಿರಾಡುವ ಗಾಳಿಯಲ್ಲೇ ಮುಕ್ಕಾಲು ಪಾಲಿಗೂ ಹೆಚ್ಚು ಇರುವ ವಸ್ತು, ಅದೇನು ಮಾಡೀತು ಎಂಬ ಧೈರ್ಯ ಹೊಸಬರಿಗೆ. ಗಂಧಕ ತೆಗೆಯುವ ರಿಯಾಕ್ಟರುಗಳಲ್ಲಿ ಹಳೆಯ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸಲು ತುಂಬಿದ ಕಾಳು) ಗಾಳಿ ತಗುಲಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಅದಕ್ಕೇ ಅದನ್ನು ನೈಟ್ರೋಜನ್ ತುಂಬಿಟ್ಟೇ ಹೊರತೆಗೆಯುತ್ತಾರೆ. ಆ ಕೆಲಸಕ್ಕೆ ಬೇರೆಯೇ ಪಳಗಿದ ತಂಡ, ಬೇರೆಯೇ ಗಾಳಿಕೊಳವೆ, ಹೆಲ್ಮೆಟ್ಟು ಇರುತ್ತವೆ. ಅಪಾಯವಿರುವುದು ಪಕ್ಕದಲ್ಲಿ ನಿಂತವನಿಗೆ. ಬಾಯಿ ತೆರೆದ ಮ್ಯಾನ್‌ಹೋಲಿನೊಳಕ್ಕೆ ತಲೆ ಹಾಕಿ ಇಣುಕಿದರೂ ಎರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಉಸಿರು ಕಟ್ಟಿದಂತೆ ಅನ್ನಿಸುವುದೂ ಇಲ್ಲ, ಏಕೆಂದರೆ ದೇಹಕ್ಕೆ ಉಸಿರುಗಟ್ಟಿದ್ದು ಗೊತ್ತಾಗುವುದು ಇಂಗಾಲಾಮ್ಲ ತುಂಬಿಕೊಂಡಾಗ. ಆಮ್ಲಜನಕ ಕಡಿಮೆಯಾದರೆ ಅದು ಎಚ್ಚರಿಸುವುದಿಲ್ಲ.

ನಮ್ಮ ಕಡೆ ಹಳೇ ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುವ ಪದ್ಧತಿ ಇತ್ತು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಹಿರಿಯರ ಆ ಬುದ್ಧಿ ದೊಡ್ಡದು, ತರಬೇತಿ ಅಲ್ಲಿಂದಲೇ ಶುರುವಾಗಲಿ ಎಂಬುದು ನಮ್ಮ ಸಲಹೆ. ಆದರೆ ಕಾಲಮ್ಮಿಗೆ ದೀಪ ಇಳಿಸಿದರೆ ಕಾಲಮ್ಮೇ ಸಿಡಿಯುತ್ತದೆ. ಅಲ್ಲಿ ಲಾಟೀನಿನ ಕೆಲಸ ಮಾಡುವುದು ಅಂಗೈಯಗಲದ ಮೀಟರು. ಅದು ನಾಲ್ಕನ್ನು ನೋಡುತ್ತದೆ: ಆಮ್ಲಜನಕ, ಹೊತ್ತಿಕೊಳ್ಳುವ ಗ್ಯಾಸು, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್. ಮೊದಲು ನೋಡಬೇಕಾದ್ದು ಆಮ್ಲಜನಕವನ್ನೇ. ಹೊತ್ತುವ ಗ್ಯಾಸನ್ನು ಅಳೆಯುವ ಸಾಮಾನ್ಯ ಸೆನ್ಸರು ಒಳಗೊಳಗೇ ಅದನ್ನು ಸುಟ್ಟು ಅಳೆಯುತ್ತದೆ, ಆಮ್ಲಜನಕ ಕಡಿಮೆಯಿದ್ದರೆ ಅದು ಸುಡಲಾರದೆ ‘ಸೊನ್ನೆ’ ಎಂದು ಸುಳ್ಳು ಹೇಳುತ್ತದೆ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇರಬಾರದು, ಶೇ. 23.5ಕ್ಕಿಂತ ಹೆಚ್ಚೂ ಇರಬಾರದು; ಹೆಚ್ಚಿದ್ದರೆ ಲೋಹ ಕತ್ತರಿಸುವ ಕಟ್ಟಿಂಗ್ ಹೋಸಿನ ಆಕ್ಸಿಜನ್ ಸೋರುತ್ತಿದೆ ಎಂದರ್ಥ, ಒಂದು ಕಿಡಿಗೆ ಮೈಮೇಲಿನ ಬಟ್ಟೆ ಉರಿದುಹೋಗುತ್ತದೆ. ಬಾಗಿಲ ಬಳಿ ಒಂದು ಸಲ ಹಿಡಿದು ಬರೆದುಕೊಂಡರೆ ಸಾಲದು. ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು, ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ನೋಡಬೇಕು. ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ ಕಾಗದದ ಮೇಲಿನ ಅಂಕಿ ಬೆಳಿಗ್ಗೆಯದು, ಒಳಗೆ ಹೋಗುವವನ ಉಸಿರು ಈಗಿನದು.

ಶಟ್‌ಡೌನ್ ಹೀಗೆ ನಡೆಯುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಒಂದು ಘಟಕ ನಿಲ್ಲಿಸಿ, ತಣಿಸಿ, ಒತ್ತಡವನ್ನು ಫ್ಲೇರಿಗೆ (ಗ್ಯಾಸು ಉರಿಸುವ ಎತ್ತರದ ಕೊಳವೆ) ಬಿಟ್ಟು, ಎಣ್ಣೆ ಇಳಿಸಿ, ದಿನಗಟ್ಟಲೆ ಸ್ಟೀಮ್ ಹಾಯಿಸಿ, ನೀರಿನಿಂದ ತೊಳೆಯುತ್ತಾರೆ. ಆಮೇಲೆ ಬ್ಲೈಂಡ್ ಹಾಕುವ ಕೆಲಸ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಫಿಟ್ಟರುಗಳ ಕೈಗೆ ಮೊದಲು ಬರುವುದು ಇದೇ.

ವಾಲ್ವ್ ಮುಚ್ಚಿದ್ದೇವೆ ಸಾಕಲ್ಲ ಎಂದು ಎಷ್ಟೋ ಮೇಸ್ತ್ರಿಗಳು ಕೇಳುತ್ತಾರೆ. ಸಾಲದು. ವರ್ಷಗಟ್ಟಲೆ ಬಿಸಿ ಎಣ್ಣೆ ಹರಿದ ವಾಲ್ವಿನ ಸೀಟು ಸವೆದಿರುತ್ತದೆ, ತಳದಲ್ಲಿ ಕೋಕು, ತುಕ್ಕಿನ ಚಕ್ಕೆ ಕೂತಿರುತ್ತದೆ. ಚಕ್ರ ತಿರುಗದಷ್ಟು ಬಿಗಿದರೂ ಒಳಗೆ ಕೂದಲೆಳೆಯಷ್ಟು ಸಂದು ಉಳಿದು ‘ಪಾಸ್’ ಆಗುತ್ತದೆ, ಎಂದರೆ ಸೋರುತ್ತದೆ. ಅದಕ್ಕೇ ಎರಡು ಫ್ಲ್ಯಾಂಜಿನ, ಎಂದರೆ ಕೊಳವೆಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚಿನ ಬಳೆಗಳ, ನಡುವೆ ಬ್ಲೈಂಡ್ ಎಂಬ ಉಕ್ಕಿನ ತಟ್ಟೆ ಸೇರಿಸಿ ದಾರಿಯನ್ನೇ ಮುಚ್ಚಬೇಕು. ಆ ತಟ್ಟೆಯ ದಪ್ಪ ಲೈನಿನ ಒತ್ತಡಕ್ಕೆ ತಕ್ಕಂತಿರಬೇಕು. ಸಿಕ್ಕ ಶೀಟಿನಲ್ಲಿ ಕತ್ತರಿಸಿ ಹಾಕಿದರೆ ಅದು ಹೊಟ್ಟೆ ಉಬ್ಬಿಸಿಕೊಂಡು ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಬಳೆ) ಬಿಡುತ್ತದೆ. ದೊಡ್ಡ ಶಟ್‌ಡೌನಿನಲ್ಲಿ ಇಂಥವು ನೂರಾರು. ಪ್ರತಿಯೊಂದಕ್ಕೂ ನಂಬರು, ಪಟ್ಟಿ, ಹಾಕಿದವನ ಸಹಿ. ತೆಗೆಯುವಾಗ ಒಂದು ಮರೆತರೂ ಘಟಕ ಶುರುವಾಗುವಾಗ ಕಷ್ಟ.

ಫ್ಲ್ಯಾಂಜ್ ಬಿಚ್ಚುವುದಕ್ಕೂ ಒಂದು ಕ್ರಮವಿದೆ. 8 ಇಂಚಿನ 300 ಕ್ಲಾಸ್ (ಒತ್ತಡದ ದರ್ಜೆ) ಫ್ಲ್ಯಾಂಜಿಗೆ 12 ಸ್ಟಡ್ಡುಗಳು, ಎಂದರೆ ಎರಡೂ ತುದಿಗೆ ನಟ್ಟು ಹಾಕುವ ಬೋಲ್ಟುಗಳು. ಗಾಳಿ ನಮ್ಮ ಬೆನ್ನಿಗೆ ಬೀಸುವಂತೆ ನಿಂತು, ನಮ್ಮಿಂದ ದೂರದ ಸ್ಟಡ್ಡನ್ನು ಮೊದಲು ಸಡಿಲಿಸಬೇಕು. ಒಳಗೆ ಉಳಿದ ಒತ್ತಡ ಆ ಕಡೆಗೆ ಹೋಗಲಿ ಎಂದು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕಾರು ಎಳೆ ಉಳಿಸಿ, ಸಂದು ಬಿಡಿಸಿ, ಏನೂ ಬರಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಉಳಿದದ್ದು. ಹತ್ತಿರದ್ದು ಕೈಗೆ ಸಿಗುತ್ತದೆ ಎಂದು ಅದನ್ನೇ ಮೊದಲು ಬಿಚ್ಚಿದವನ ಮುಖಕ್ಕೇ ಬಿಸಿನೀರೋ ನಾಫ್ತಾವೋ ಎರಚುತ್ತದೆ. ಕಟ್ಟುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಎದುರುಬದುರಾಗಿ, ಬಿಗಿತದ ಮೂರರಲ್ಲೊಂದು ಪಾಲಿಗೆ ಒಂದು ಸುತ್ತು, ಮೂರರಲ್ಲೆರಡು ಪಾಲಿಗೆ ಇನ್ನೊಂದು, ಪೂರ್ತಿಗೆ ಮತ್ತೊಂದು, ಕೊನೆಗೆ ಸಾಲಾಗಿ ಒಂದು ಸುತ್ತು. ಒಂದೇ ಕಡೆ ಬಿಗಿದರೆ ಗ್ಯಾಸ್ಕೆಟ್ ಅಲ್ಲಿ ಜಜ್ಜಿ, ಎದುರು ಕಡೆ ಸೋರುತ್ತದೆ. ಲೈನು ಕಾಯ್ದಾಗ ಆ ಸೋರಿಕೆಯೇ ಬೆಂಕಿ.

ಕಾಲಮ್ಮಿನ ಮ್ಯಾನ್‌ಹೋಲುಗಳನ್ನು ಮೇಲಿನಿಂದ ಕೆಳಕ್ಕೆ ತೆರೆಯಬೇಕು. ಮೊದಲೇ ತಳದ್ದು ತೆರೆದು ಆಮೇಲೆ ಮೇಲಿನದು ತೆರೆದರೆ ಕಾಲಮ್ಮು ಹೊಗೆಗೂಡಿನಂತಾಗಿ ಗಾಳಿಯನ್ನು ಎಳೆಯುತ್ತದೆ. ಕಾಲಮ್ಮಿನೊಳಗಿನ ಅಡ್ಡತಟ್ಟೆಗಳಿಗೆ (ಟ್ರೇ) ಅಂಟಿದ ಕಪ್ಪು ಪುಡಿ ಕಬ್ಬಿಣದ ಸಲ್ಫೈಡು. ಅದು ಒಣಗಿ ಗಾಳಿಗೆ ತೆರೆದುಕೊಂಡರೆ ಕಿಡಿಯಿಲ್ಲದೆ ಕೆಂಡವಾಗುತ್ತದೆ. ಬಿಸಿಲಿಗೆ ಒಣಗಲಿ ಎಂದು ಅದನ್ನು ಗೋಣಿಚೀಲದಲ್ಲಿ ತುಂಬಿ ಪ್ಲಾಟ್‌ಫಾರಮ್ಮಿನ ಮೇಲಿಡುವುದು ಹೊಸ ಹೆಲ್ಪರುಗಳು ಮಾಡುವ ತಪ್ಪು. ಒದ್ದೆಯಾಗಿಯೇ ಇಡಬೇಕು, ಒದ್ದೆಯಾಗಿಯೇ ಸಾಗಿಸಬೇಕು. ಈ ಒಂದು ಮಾತನ್ನು ಹೇಳಲು ಐದು ನಿಮಿಷ ಸಾಕು. ಹೇಳುವವರಿಲ್ಲ.

ಒಳಗೆ ಇಳಿದವರ ಪ್ರಾಣ ಹೊರಗೆ ಕೂತ ಒಬ್ಬನ ಕೈಯಲ್ಲಿರುತ್ತದೆ. ಅವನಿಗೆ ಹೋಲ್ ವಾಚ್ ಎನ್ನುತ್ತಾರೆ. ಯಾರು ಒಳಗೆ ಹೋದರು, ಎಷ್ಟು ಹೊತ್ತಿಗೆ, ಹೊರಗೆ ಬಂದರೇ ಎಂದು ಬರೆದಿಡುವುದು, ಒಳಕ್ಕೆ ಗಾಳಿ ಊದುವ ಬ್ಲೋವರ್ ನಿಂತರೆ ಎಲ್ಲರನ್ನೂ ಕರೆಯುವುದು ಅವನ ಕೆಲಸ. ಎಲ್ಲಕ್ಕಿಂತ ಮುಖ್ಯ, ಒಳಗೆ ಯಾರಾದರೂ ಬಿದ್ದರೆ ಅವನು ಇಳಿಯಬಾರದು. ಸೈರನ್ ಒತ್ತಿ, ಉಸಿರಾಟದ ಸೆಟ್ಟು ಹೊತ್ತ ತಂಡವನ್ನು ಕರೆಯಬೇಕು. ಕೇಳಲು ಕಲ್ಲುಮನಸ್ಸಿನ ಮಾತು ಇದು. ನಮ್ಮ ಊರುಗಳಲ್ಲಿ ಮಲದ ಗುಂಡಿ, ಪಾಳುಬಾವಿಗಳಲ್ಲಿ ಒಬ್ಬನನ್ನು ಉಳಿಸಲು ಇಳಿದ ಅಣ್ಣನೋ ತಮ್ಮನೋ ಜೊತೆಗೇ ಸತ್ತ ಸುದ್ದಿ ಬರುವುದು ಇದೇ ಕಾರಣಕ್ಕೆ. ಒಳಚರಂಡಿಯ ಮ್ಯಾನ್‌ಹೋಲಿನಲ್ಲಿ ಪೌರಕಾರ್ಮಿಕರನ್ನು ಕೊಲ್ಲುವುದೂ ಇದೇ ಹೈಡ್ರೋಜನ್ ಸಲ್ಫೈಡು. ಆದ್ದರಿಂದ ನಾವು ಕೇಳುವ ತರಬೇತಿ ರಿಫೈನರಿಗೆ ಹೋಗುವವರಿಗಷ್ಟೇ ಉಪಯೋಗದ್ದಲ್ಲ. ಇಷ್ಟು ಭಾರದ ಕೆಲಸಕ್ಕೆ ಸಾಮಾನ್ಯವಾಗಿ ಕೂರಿಸುವುದು ಬೇರೆ ಯಾವ ಕೆಲಸವೂ ಬಾರದ, ಅತಿ ಕಡಿಮೆ ಕೂಲಿಯ ಹುಡುಗನನ್ನು. ಇದು ನಮಗೆ ಬಹಳ ನೋವಿನ ಸಂಗತಿ.

ಉಸಿರಾಟದ ಸೆಟ್ಟನ್ನೂ ಬೆನ್ನಿಗೆ ಹಾಕಿ ತೋರಿಸದೆ ಕಲಿಸಲಾಗದು. 6 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದರೆ 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರಿನ ಲೆಕ್ಕದಲ್ಲಿ 45 ನಿಮಿಷ ಎಂದು ಪುಸ್ತಕ ಹೇಳುತ್ತದೆ. ಹೆದರಿ, ಏಣಿ ಹತ್ತಿ, ಒಬ್ಬನನ್ನು ಎಳೆಯುವವನಿಗೆ ಅರ್ಧ ಗಂಟೆಯೂ ಬಾರದು. ಒತ್ತಡ ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ಊದುತ್ತದೆ, ಆಗ ಏನಿದ್ದರೂ ಬಿಟ್ಟು ಹೊರಬರಬೇಕು. ಗಡ್ಡವಿದ್ದರೆ ಮಾಸ್ಕು ಕೆನ್ನೆಗೆ ಕೂರುವುದಿಲ್ಲ.

ಇನ್ನು ಹೈಡ್ರೋಜೆಟ್. ಒಂದು ಎಣ್ಣೆಯ ಬಿಸಿಯನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಕೊಳವೆಕಟ್ಟನ್ನು ಹೊರಗೆಳೆದು ನೂರಾರು ಬಾರ್, ಕೆಲವೊಮ್ಮೆ ಸಾವಿರ ಬಾರ್ ಒತ್ತಡದ ನೀರಿನಿಂದ ತೊಳೆಯುತ್ತಾರೆ. ಆ ನೀರು ಕೈಗೋ ಕಾಲಿಗೋ ತಗುಲಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಕೊಳಕು ನೀರು ಮಾಂಸದ ಪದರಗಳ ನಡುವೆ ನುಗ್ಗಿರುತ್ತದೆ. ಪ್ಲಾಸ್ಟರ್ ಹಚ್ಚಿ ಕಳಿಸಿದರೆ ಬೆರಳೋ ಕೈಯೋ ಹೋಗುತ್ತದೆ, ಅಂದೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಗಾಯಾಳು ಬಾಯಿಬಿಟ್ಟು ‘ಹೈಡ್ರೋಜೆಟ್’ ಎನ್ನಬೇಕು, ವೈದ್ಯರಿಗೂ ಆ ಪದದ ತೂಕ ತಿಳಿದಿರಬೇಕು.

ಎಲ್ಲಕ್ಕೂ ಮೇಲೆ ದಣಿವು. 12 ಗಂಟೆಯ ಪಾಳಿ, ರಜೆಯಿಲ್ಲದ ವಾರಗಳು, ಸ್ಟೀಮಿನಿಂದ ಇನ್ನೂ ಬೆಚ್ಚಗಿರುವ ಉಕ್ಕಿನೊಳಗೆ ಮೈಪೂರ್ತಿ ಮುಚ್ಚುವ ದಪ್ಪ ಕವರಾಲು. ಅನುಭವಿಗಳೆಲ್ಲ ಒಪ್ಪುವ ಮಾತೊಂದಿದೆ: ಮೊದಲ ವಾರ ಭಯ ಕಾಯುತ್ತದೆ, ಮೂರನೇ ವಾರ ಯಾವುದೂ ಕಾಯುವುದಿಲ್ಲ. ಮ್ಯಾನ್‌ಹೋಲ್ ಮುಚ್ಚುವ ಕೊನೆಯ ದಿನಗಳಲ್ಲಿ ಎಲ್ಲರಿಗೂ ಅವಸರ, ತಪ್ಪುಗಳೂ ಆಗಲೇ.

ಕಾನೂನು ಇಲ್ಲವೆಂದಲ್ಲ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಯ ಮಾಹಿತಿ ಕಾರ್ಮಿಕರಿಗೆ ತಿಳಿಸಲೇಬೇಕೆಂದು ಬರೆಯಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು, ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಗುತ್ತಿಗೆದಾರ ಬಟವಾಡೆ ಮಾಡದಿದ್ದರೆ ಕೊಡಬೇಕಾದ ಹೊಣೆ ಮೂಲ ಮಾಲೀಕನದು. ಆದರೆ ಮೇಸ್ತ್ರಿಯ ಕೆಳಗೆ ಒಬ್ಬ, ಅವನ ಕೆಳಗೆ ಇನ್ನೊಬ್ಬ ಎಂದು ಇಳಿದು ಬಂದ ಕೆಲಸಕ್ಕೆ ತನ್ನ ಗುತ್ತಿಗೆದಾರನ ಹೆಸರೇ ಹುಡುಗನಿಗೆ ಗೊತ್ತಿರುವುದಿಲ್ಲ. ಯಾರನ್ನು ಕೇಳಬೇಕು? ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಿಷಯದಲ್ಲೂ ಹೀಗೆಯೇ. ಕಾಯಿಲೆ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಬೇಕು, ಒಂದು ಶಟ್‌ಡೌನಿನಿಂದ ಅದು ತುಂಬುವುದಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಮಾತ್ರ ಮೊದಲ ದಿನದಿಂದಲೇ ಹಕ್ಕಿದೆ. ಈ ಎರಡರ ವ್ಯತ್ಯಾಸ ತಿಳಿಯದೆ, ‘ನಿನಗೆ ದಿನ ಸಾಲದು’ ಎಂದರೆ ನಂಬಿ, ಗಾಯ ಹೊತ್ತುಕೊಂಡು ಊರಿಗೆ ಬರುವವರಿದ್ದಾರೆ.

ಮಾನ್ಯರೇ, ಕೋಲಾರದ ನೆಲಕ್ಕೆ ಇದು ಹೊಸ ಪಾಠವಲ್ಲ. ಮೂರು ಕಿ.ಮೀ.ಗೂ ಆಳಕ್ಕೆ ಇಳಿದ ನಮ್ಮ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ದೂಳಿನಿಂದ ಎದೆ ಕಲ್ಲಾಗುವ ಸಿಲಿಕೋಸಿಸ್ ಈ ದೇಶದಲ್ಲಿ ಮೊದಲು ದಾಖಲಾದದ್ದು ಆ ಗಣಿಗಳ ಕಾರ್ಮಿಕರಲ್ಲಿ. ರೋಗ ಬಂದ ಮೇಲೆ ಹೆಸರು ಹುಡುಕಿದ ಜಿಲ್ಲೆ ಇದು. ಆ ಮನೆಗಳ ಮೊಮ್ಮಕ್ಕಳೂ ಈಗ ಕ್ಯಾಟಲಿಸ್ಟಿನ ದೂಳಿಗೆ, ಕುಲುಮೆಯ ಇಟ್ಟಿಗೆ ಒಡೆಯುವ ದೂಳಿಗೆ ಹೋಗುತ್ತಿದ್ದಾರೆ. ಆದ್ದರಿಂದ ನಾವು ಕೇಳುವುದು ಇಷ್ಟು.

ಕೋಲಾರ, ಕೆಜಿಎಫ್, ಗೌರಿಬಿದನೂರಿನ ಸರ್ಕಾರಿ ಐಟಿಐಗಳಲ್ಲಿ ಶಟ್‌ಡೌನ್ ಕೆಲಸಗಾರರಿಗೆಂದೇ ಮೂರು ದಿನದ ತರಬೇತಿ ಶುರುಮಾಡಿ. ಕನ್ನಡದಲ್ಲಿ, ಬೇಕಾದ ಕಡೆ ತೆಲುಗು, ತಮಿಳಿನಲ್ಲಿ. ದೊಡ್ಡ ಖರ್ಚಿನದಲ್ಲ: ಮ್ಯಾನ್‌ಹೋಲ್ ಇರುವ ಒಂದು ಹಳೇ ಟ್ಯಾಂಕು, ಬಿಚ್ಚಿ ಕಟ್ಟಲು ನಾಲ್ಕು ಫ್ಲ್ಯಾಂಜು, ಎರಡು ಗ್ಯಾಸ್ ಮೀಟರು, ಎರಡು ಉಸಿರಾಟದ ಸೆಟ್ಟು, ಬೀಳದಂತೆ ಮೈಗೆ ಕಟ್ಟುವ ಎರಡು ಹುಕ್ಕಿನ ಹಾರ್ನೆಸ್ಸು, ಒಂದು ಗಾಳಿಚೀಲ. ಪರೀಕ್ಷೆ ಕಾಗದದಲ್ಲಿ ಬೇಡ, ಕೈಯಿಂದ ಮಾಡಿ ತೋರಿಸುವಂತಿರಲಿ. ಓದು ಬಾರದವರೂ ಇದ್ದಾರೆ. ಪಾಠ ಹೇಳಲು ಊರಿನಲ್ಲೇ ನಿವೃತ್ತ ಫಿಟ್ಟರುಗಳು, ರಿಗ್ಗರುಗಳು ಸಿಗುತ್ತಾರೆ, ಅವರಿಗೆ ದಿನಕ್ಕಿಷ್ಟೆಂದು ಗೌರವಧನ ಕೊಡಿ. ತರಬೇತಿಗೆ ಬರುವವರಿಗೆ ಆ ಮೂರು ದಿನದ ಕೂಲಿಯನ್ನೂ ಕೊಡಿ, ಇಲ್ಲದಿದ್ದರೆ ಯಾರೂ ಬರಲಾರರು. ಹೋಲ್ ವಾಚ್ ಕೆಲಸಕ್ಕೆ ಬೇರೆಯೇ ಪ್ರಮಾಣಪತ್ರವಿರಲಿ, ಅದಿಲ್ಲದವನನ್ನು ಕೂರಿಸದಂತೆ ಗುತ್ತಿಗೆದಾರರಿಗೆ ತಿಳಿಸಿ.

ಜಿಲ್ಲೆಯಿಂದ ಹೊರಗೆ ಆಳು ಕಳಿಸುವ ಮೇಸ್ತ್ರಿಗಳು ಕಾರ್ಮಿಕ ಕಚೇರಿಯಲ್ಲಿ ಹೆಸರು ಬರೆಸಲಿ. ಹೊರಡುವ ಮುನ್ನ ಪ್ರತಿಯೊಬ್ಬನ ಕೈಗೂ ಒಂದು ಚೀಟಿ ಬರಲಿ: ಯಾವ ರಿಫೈನರಿ, ಗುತ್ತಿಗೆದಾರ ಯಾರು, ದಿನಗೂಲಿ ಎಷ್ಟು, ಹೆಚ್ಚುವರಿ ಗಂಟೆಗೆ ಎಷ್ಟು, ಇಎಸ್‌ಐ ಮತ್ತು ಪಿಎಫ್ ನಂಬರು, ಹೋಗಿಬರುವ ಖರ್ಚು ಯಾರದು. ಅದರ ನಕಲು ಮನೆಯವರ ಬಳಿಯೂ ಇರಲಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಹೊರಡುವ ಮುನ್ನ ಮತ್ತು ಬಂದ ಮೇಲೆ ಶ್ವಾಸಕೋಶ, ರಕ್ತ, ಕಿವಿಯ ಪರೀಕ್ಷೆ ಮಾಡಿ, ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ಬರೆದು ಕೆಲಸಗಾರನಿಗೇ ಕೊಡಿ. ಗುತ್ತಿಗೆದಾರ ಬದಲಾದರೂ ಆ ಪುಸ್ತಕ ಅವನ ಜೊತೆಗಿರುತ್ತದೆ. ತಾಲ್ಲೂಕು ಆಸ್ಪತ್ರೆಗಳ ವೈದ್ಯರು ‘ಏನು ಕೆಲಸ, ಎಲ್ಲಿ ಮಾಡಿದ್ದು’ ಎಂದು ಕೇಳಿ ಬರೆದುಕೊಳ್ಳುವಂತೆ ಸೂಚನೆ ಹೊರಡಿಸಿ.

ಕರ್ನಾಟಕದ ಗಡಿಯೊಳಗಿನ ಕಾರ್ಖಾನೆಗಳಲ್ಲಾದರೂ ಪರ್ಮಿಟ್, ಬ್ಲೈಂಡ್ ಪಟ್ಟಿ, ಮ್ಯಾನ್‌ಹೋಲ್ ಮುಂದಿನ ಫಲಕ ಕನ್ನಡದಲ್ಲೂ ಇರಬೇಕೆಂದು ಆದೇಶಿಸಿ. ಸಹಿ ಹಾಕುವವನಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯಬೇಕು.

ಮಳೆಗಾಲ ಮುಗಿದರೆ ಮೇಸ್ತ್ರಿಗಳ ಫೋನು ಮತ್ತೆ ಶುರುವಾಗುತ್ತದೆ. ಅಷ್ಟರೊಳಗೆ ಒಂದೇ ಒಂದು ಐಟಿಐಯಲ್ಲಿ, ಮೂವತ್ತು ಜನರ ಮೊದಲ ತಂಡಕ್ಕಾದರೂ ತರಬೇತಿ ನಡೆಯಲಿ. ಟ್ಯಾಂಕು ಹುಡುಕುವುದರಿಂದ ಹಿಡಿದು ಪಾಠ ಹೇಳುವವರೆಗೆ ಬೇಕಾದ ಶ್ರಮವನ್ನು ನಾವು ಕೊಡುತ್ತೇವೆ. ಯಾವ ದಿನ, ಯಾವ ಕಚೇರಿಗೆ ಬರಬೇಕೆಂದು ತಿಳಿಸಿದರೆ ಫ್ಲ್ಯಾಂಜು, ಸ್ಪ್ಯಾನರುಗಳ ಸಮೇತ ಬಂದು ಇಲ್ಲಿ ಬರೆದದ್ದನ್ನೆಲ್ಲ ಮಾಡಿ ತೋರಿಸುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಶಟ್‌ಡೌನ್ ಫಿಟ್ಟರ್, ವೆಲ್ಡರ್, ರಿಗ್ಗರ್ ಹಾಗೂ ಹೆಲ್ಪರ್‌ಗಳು
ಬಂಗಾರಪೇಟೆ